ಎ.ಸಿ. ಗಾಳಿ ಕ್ಷೀಣಿಸಿದಾಗ: ಕಾರಿನ ಕ್ಯಾಬಿನ್ ಫಿಲ್ಟರ್ ಪರೀಕ್ಷೆ ಮತ್ತು ಬದಲಾವಣೆ

ಕಾರಿನ ಎ.ಸಿ. ಸರಿಯಾಗಿಲ್ಲ ಎಂಬ ಒಂದೇ ದೂರಿನಲ್ಲಿ ಎರಡು ಬೇರೆ ಬೇರೆ ದೋಷಗಳು ಸೇರಿಕೊಂಡಿರುತ್ತವೆ. ವೆಂಟ್‌ನಿಂದ ಗಾಳಿ ರಭಸವಾಗಿ ಬರುತ್ತದೆ, ಆದರೆ ಅದರಲ್ಲಿ ತಂಪಿರುವುದಿಲ್ಲ, ಇದು ಒಂದು. ಬರುವಷ್ಟು ಗಾಳಿ ತಂಪಾಗಿಯೇ ಇರುತ್ತದೆ, ಆದರೆ ಅದು ಮುಂದೆ ಕುಳಿತವರ ಎದೆಯನ್ನೂ ತಲುಪುವುದಿಲ್ಲ, ಹಿಂದಿನ ಸೀಟಿನವರಿಗಂತೂ ಎ.ಸಿ. ಹಾಕಿರುವುದೇ ತಿಳಿಯುವುದಿಲ್ಲ, ಇದು ಇನ್ನೊಂದು. ಮೊದಲನೆಯದಕ್ಕೆ ಕಾರಣವನ್ನು ಗ್ಯಾಸ್, ಕಂಪ್ರೆಸರ್, ಕಂಡೆನ್ಸರ್‌ಗಳಲ್ಲಿ ಹುಡುಕಬೇಕು. ಎರಡನೆಯದರಲ್ಲಿ ಮೊದಲು ನೋಡಬೇಕಾದದ್ದು ಕ್ಯಾಬಿನ್ ಏರ್ ಫಿಲ್ಟರನ್ನು, ಅಂದರೆ ಬಿಡಿಭಾಗದ ಅಂಗಡಿಗಳಲ್ಲಿ ಎ.ಸಿ. ಫಿಲ್ಟರ್ ಎಂದು ಕರೆಯುವ ವಸ್ತುವನ್ನು. ಇದು ಬಾನೆಟ್ ಒಳಗಿನ ಎಂಜಿನ್ ಏರ್ ಫಿಲ್ಟರ್ ಅಲ್ಲ. ಎರಡಕ್ಕೂ ಏರ್ ಫಿಲ್ಟರ್ ಎಂಬ ಹೆಸರೇ ಇರುವುದರಿಂದ, ಸರ್ವಿಸ್ ಬಿಲ್ಲಿನಲ್ಲಿ ಆ ಪದ ಕಂಡ ಮಾತ್ರಕ್ಕೆ ಎ.ಸಿ. ಫಿಲ್ಟರ್ ಬದಲಾಗಿದೆ ಎಂದು ನಂಬಬಾರದು.

ಈ ಎರಡು ದೋಷಗಳನ್ನು ಬೇರ್ಪಡಿಸದೆ ಹೋದದ್ದಕ್ಕೆ ನಾನೇ ದಂಡ ತೆತ್ತಿದ್ದೇನೆ. ಆರು ವರ್ಷ ಓಡಿದ್ದ ಸಣ್ಣ ಕಾರೊಂದನ್ನು ಕೊಂಡ ಮೊದಲ ಬೇಸಿಗೆಯಲ್ಲಿ ಎ.ಸಿ. ಸಾಲದೆನಿಸಿ ಗ್ಯಾರೇಜಿಗೆ ಒಯ್ದೆ. ಅಲ್ಲಿದ್ದವರು ವೆಂಟ್ ಮುಂದೆ ಅಂಗೈ ಹಿಡಿದು, ಗ್ಯಾಸ್ ಕಡಿಮೆಯಾಗಿದೆ ಎಂದು ಹೇಳಿ, ಇದ್ದ ಗ್ಯಾಸ್ ತೆಗೆದು ಹೊಸದಾಗಿ ತುಂಬಿಸಿದರು. ಎರಡು ದಿನ ಪರವಾಗಿಲ್ಲ ಎನಿಸಿತು. ಬಹುಶಃ ಹಣ ಕೊಟ್ಟಿದ್ದರಿಂದ ಹಾಗೆನಿಸಿರಬೇಕು. ಮೂರನೆಯ ದಿನ ಮತ್ತೆ ಅದೇ ಸ್ಥಿತಿ. ಆ ಭಾನುವಾರ ಗ್ಲೋವ್ ಬಾಕ್ಸ್ ಕಳಚಿ, ಅದರ ಹಿಂದಿನ ಮುಚ್ಚಳ ತೆಗೆದು ಫಿಲ್ಟರನ್ನು ಎಳೆದಾಗ, ಅದು ಮೂಲತಃ ಬಿಳಿಯದಾಗಿತ್ತು ಎಂದು ಹೇಳಲು ಯಾವ ಗುರುತೂ ಉಳಿದಿರಲಿಲ್ಲ. ಮಡಿಕೆಗಳ ನಡುವೆ ಒಣಗಿದ ಹೊಂಗೆ ಹೂವು, ಅದರ ಮೇಲೆ ಬೂದು ಬಣ್ಣದ ಹತ್ತಿಯಂತೆ ಹೆಪ್ಪುಗಟ್ಟಿದ ಧೂಳು, ಒಂದು ಮೂಲೆಯಲ್ಲಿ ಪಾರಿವಾಳದ ಪುಕ್ಕ. ಫಿಲ್ಟರ್ ಇಲ್ಲದೆಯೇ ಬ್ಲೋವರ್, ಅಂದರೆ ಗಾಳಿ ಊದುವ ಫ್ಯಾನ್, ಹಾಕಿ ನೋಡಿದರೆ, ಮೊದಲು ನಾಲ್ಕನೇ ವೇಗದಲ್ಲಿ ಬರುತ್ತಿದ್ದುದಕ್ಕಿಂತ ಹೆಚ್ಚಿನ ಗಾಳಿ ಎರಡನೇ ವೇಗದಲ್ಲಿಯೇ ಬರುತ್ತಿತ್ತು. ಎ.ಸಿ. ಗ್ಯಾಸ್ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆಯೇ ಹೊರತು ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ರಬ್ಬರ್ ಪೈಪು, ಸೀಲುಗಳ ಮೂಲಕ ವರ್ಷಗಳಲ್ಲಿ ಅಲ್ಪಸ್ವಲ್ಪ ಸೋರುವುದು ನಿಜ, ಆದರೆ ಗಮನಕ್ಕೆ ಬರುವಷ್ಟು ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಸೋರಿಕೆಯ ಜಾಗ ತೋರಿಸದೆ ಗ್ಯಾಸ್ ತುಂಬುತ್ತೇವೆ ಎನ್ನುವವರನ್ನು ಒಂದು ಪ್ರಶ್ನೆಯನ್ನಾದರೂ ಕೇಳದೆ ಒಪ್ಪಬಾರದು.

ಗಾಳಿ ಬರುವ ದಾರಿ

ದೋಷ ಹುಡುಕಲು ಗಾಳಿ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಕಣ್ಣ ಮುಂದಿರಬೇಕು. ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ, ಕಪ್ಪು ಪ್ಲಾಸ್ಟಿಕ್ಕಿನ ಜಾಲರಿಯ ಪಟ್ಟಿಯೊಂದಿದೆ. ಹೊರಗಿನ ಗಾಳಿ ಒಳಸೇರುವುದು ಅಲ್ಲಿಂದ. ಒಳಗೆ ಬಂದೊಡನೆ ಅದಕ್ಕೆ ಒಂದು ಬಾಗಿಲು ಎದುರಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕಾರಿನ ಚಿತ್ರದೊಳಗೆ ಬಾಗಿದ ಬಾಣವಿರುವ ಗುಂಡಿಯನ್ನು ಒತ್ತಿದಾಗ ಈ ಬಾಗಿಲು ಹೊರಗಿನ ದಾರಿಯನ್ನು ಮುಚ್ಚಿ, ಕಾರಿನೊಳಗಿನ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುವ ದಾರಿಯನ್ನು ತೆರೆಯುತ್ತದೆ. ನಮ್ಮಲ್ಲಿ ಹೆಚ್ಚಾಗಿ ಓಡುವ ಕಾರುಗಳ ಪೈಕಿ ಬಹುಪಾಲಿನಲ್ಲಿ ಫಿಲ್ಟರ್ ಇರುವುದು ಈ ಬಾಗಿಲನ್ನು ದಾಟಿದ ಮೇಲೆ, ಆದ್ದರಿಂದ ಹೊರಗಿನ ಗಾಳಿಯೂ ಒಳಗಿನ ಗಾಳಿಯೂ ಅದರ ಮೂಲಕವೇ ಹೋಗಬೇಕು. ಕೆಲವು ಯುರೋಪಿಯನ್ ಕಾರುಗಳಲ್ಲಿ ಮಾತ್ರ ಫಿಲ್ಟರ್ ಬಾನೆಟ್ ಕಡೆಯಿದ್ದು, ಹೊರಗಿನ ಗಾಳಿಯನ್ನಷ್ಟೇ ಸೋಸುತ್ತದೆ. ಅಲ್ಲಿಂದ ಮುಂದೆ ಬ್ಲೋವರ್, ನಂತರ ಗ್ಯಾರೇಜಿನವರು ಕೂಲಿಂಗ್ ಕಾಯಿಲ್ ಎನ್ನುವ ಇವ್ಯಾಪೊರೇಟರ್, ಕೊನೆಗೆ ಮುಖ, ಕಾಲು, ಗಾಜುಗಳ ಕಡೆಗೆ ಗಾಳಿಯನ್ನು ಹಂಚುವ ಸಣ್ಣ ಬಾಗಿಲುಗಳು.

ಈ ದಾರಿಯ ಯಾವ ಭಾಗ ಕಟ್ಟಿದರೂ ವೆಂಟ್ ಮುಂದೆ ಕೈ ಹಿಡಿದವರಿಗೆ ಸಿಗುವ ಅನುಭವ ಒಂದೇ. ಆದರೆ ಗುಂಡಿಗಳನ್ನು ಒಂದೊಂದಾಗಿ ಬದಲಿಸಿ ನೋಡಿದರೆ, ಏನನ್ನೂ ಬಿಚ್ಚುವ ಮೊದಲೇ, ಕಟ್ಟಿರುವ ಜಾಗವನ್ನು ಬಹುಮಟ್ಟಿಗೆ ಊಹಿಸಬಹುದು.

ಬಿಚ್ಚುವ ಮೊದಲು ನೋಡಬೇಕಾದದ್ದು

ಎ.ಸಿ. ಗುಂಡಿಯನ್ನು ಆಫ್ ಮಾಡಿ, ಬ್ಲೋವರನ್ನು ಮಾತ್ರ ಎರಡನೇ ವೇಗದಲ್ಲಿಟ್ಟು, ಗಾಳಿಯನ್ನು ಮುಖದ ಕಡೆಗೆ ತಿರುಗಿಸಿ, ನಡುವಿನ ವೆಂಟ್ ಮುಂದೆ ಬೆರಳಗಲದ ಕಾಗದದ ಪಟ್ಟಿಯೊಂದನ್ನು ತೂಗಾಡಿಸಿ. ಅದು ಎಷ್ಟು ಏಳುತ್ತದೆ ಎಂಬುದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ, ಏಕೆಂದರೆ ಅರ್ಧ ಗಂಟೆಯ ನಂತರ ಹೋಲಿಸುವಾಗ ನೆನಪಿಗಿಂತ ಚಿತ್ರ ಹೆಚ್ಚು ಪ್ರಾಮಾಣಿಕ. ಈಗ ವೇಗವನ್ನು ಒಂದೊಂದಾಗಿ ಏರಿಸಿ. ಪ್ರತಿ ಹಂತದಲ್ಲೂ ಬ್ಲೋವರಿನ ಸದ್ದು ಏರುತ್ತ ಹೋಗಿ, ಗಾಳಿ ಮಾತ್ರ ಅದಕ್ಕೆ ತಕ್ಕಂತೆ ಏರದಿದ್ದರೆ, ಮೋಟಾರ್ ಆರೋಗ್ಯವಾಗಿದೆ, ದಾರಿ ಕಟ್ಟಿದೆ. ಇದು ಫಿಲ್ಟರ್ ದೋಷದ ಅತ್ಯಂತ ಸ್ಪಷ್ಟ ಲಕ್ಷಣ. ಒಂದು, ಎರಡು, ಮೂರನೇ ವೇಗಗಳಲ್ಲಿ ಏನೂ ಆಗದೆ ನಾಲ್ಕರಲ್ಲಿ ಮಾತ್ರ ಒಮ್ಮೆಲೇ ಪೂರ್ಣ ರಭಸದಿಂದ ಬಂದರೆ, ದೋಷ ಬ್ಲೋವರಿನ ವೇಗ ತಗ್ಗಿಸುವ ಬಿಡಿಭಾಗವಾದ ರೆಸಿಸ್ಟರ್‌ನದು. ಕೈಯಿಂದ ತಿರುಗಿಸುವ ಹಳೆಯ ಬಗೆಯ ಎ.ಸಿ.ಗಳಲ್ಲಿ ಕಡಿಮೆ ವೇಗಗಳ ವಿದ್ಯುತ್ ರೆಸಿಸ್ಟರ್ ಮೂಲಕವೂ, ಗರಿಷ್ಠ ವೇಗದ್ದು ಅದನ್ನು ಬಿಟ್ಟು ನೇರವಾಗಿಯೂ ಮೋಟಾರಿಗೆ ಹೋಗುತ್ತದೆ. ಯಾವ ವೇಗದಲ್ಲೂ ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ ಅಥವಾ ಮೋಟಾರ್ ನೋಡಬೇಕು, ಫಿಲ್ಟರನ್ನಲ್ಲ.

ಮುಂದಿನ ಹೆಜ್ಜೆ ಬಾಗಿದ ಬಾಣದ ಗುಂಡಿಯದು. ಅದನ್ನು ಒತ್ತಿದಾಗ ಬ್ಲೋವರಿನ ಸದ್ದು ಕಾರಿನೊಳಗೆ ತುಸು ಜೋರಾಗಿ ಕೇಳಬೇಕು, ಏಕೆಂದರೆ ಅದರ ಬಾಯಿ ಈಗ ನಮ್ಮ ಕಡೆಗೆ ತೆರೆದಿರುತ್ತದೆ. ಒಳಗಿನ ಗಾಳಿಯ ಸ್ಥಿತಿಯಲ್ಲಿ ಗಾಳಿ ಚೆನ್ನಾಗಿದ್ದು, ಹೊರಗಿನ ಗಾಳಿಗೆ ಬದಲಿಸಿದೊಡನೆ ಕುಸಿದರೆ, ಬಾನೆಟ್ ಎತ್ತಿ ವೈಪರ್ ಕೆಳಗಿನ ಜಾಲರಿಯನ್ನು ನೋಡಿ. ಬೆಂಗಳೂರಿನಲ್ಲಿ ಮರದ ಕೆಳಗೆ ಕಾರು ನಿಲ್ಲಿಸುವವರಿಗೆ ಇದು ಬಹಳ ಪರಿಚಿತ ತೊಂದರೆ. ಮಳೆಮರದ ಎಲೆಗಳು ಚಿಕ್ಕವಾದ್ದರಿಂದ ಜಾಲರಿಯಲ್ಲಿ ತೂರಿಹೋಗುತ್ತವೆ. ಯುಗಾದಿ ಕಳೆದ ವಾರಗಳಲ್ಲಿ ಹೊಂಗೆ ಹೂವು ಅಕ್ಕಿ ಚೆಲ್ಲಿದಂತೆ ಬೀಳುತ್ತದೆ. ಎರಡೂ ಸ್ಥಿತಿಗಳಲ್ಲಿ ಗಾಳಿ ಸಮಾನವಾಗಿ ಕಡಿಮೆಯಿದ್ದರೆ, ಮತ್ತು ನಿಮ್ಮ ಕಾರಿನ ಫಿಲ್ಟರ್ ಗ್ಲೋವ್ ಬಾಕ್ಸ್ ಹಿಂದಿದ್ದರೆ, ಸಂಶಯ ಫಿಲ್ಟರ್ ಮೇಲೆ ಗಟ್ಟಿಯಾಗುತ್ತದೆ. ಒಂದು ವೆಂಟ್ ಮಾತ್ರ ದುರ್ಬಲವಾಗಿ ಉಳಿದವು ಸರಿಯಿದ್ದರೆ, ಅಥವಾ ಮುಖಕ್ಕೆ ತಿರುಗಿಸಿದರೂ ಗಾಳಿ ಕಾಲಿಗೇ ಬರುತ್ತಿದ್ದರೆ, ಗಾಳಿ ಹಂಚುವ ಬಾಗಿಲು ಸಿಕ್ಕಿಕೊಂಡಿರಬಹುದು. ಅದಕ್ಕೂ ಫಿಲ್ಟರಿಗೂ ಸಂಬಂಧವಿಲ್ಲ.

ಇನ್ನೊಂದು ಲಕ್ಷಣ ಜನರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಹೊರಟಾಗ ಗಾಳಿ ಚೆನ್ನಾಗಿಯೇ ಇರುತ್ತದೆ. ಒಂದು ಗಂಟೆಯ ಹೆದ್ದಾರಿ ಪ್ರಯಾಣದ ನಂತರ ನಿಧಾನವಾಗಿ ಕುಗ್ಗಿ ನಿಂತೇಹೋಗುತ್ತದೆ. ಊಟಕ್ಕೆ ನಿಲ್ಲಿಸಿ ಮತ್ತೆ ಹೊರಟಾಗ ಎಲ್ಲವೂ ಸರಿಯಾಗಿರುತ್ತದೆ. ಇದು ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುವುದರ ಲಕ್ಷಣ. ಕಾಯಿಲ್‌ನ ತಾಪಮಾನ ಅಳೆಯುವ ಸೆನ್ಸರ್ ಕೆಟ್ಟಾಗ ಹೀಗಾಗಬಹುದು, ಗ್ಯಾಸ್ ಕಡಿಮೆಯಾದಾಗಲೂ ಆಗಬಹುದು. ಆದರೆ ಕಟ್ಟಿದ ಫಿಲ್ಟರ್ ಕೂಡ ಇದಕ್ಕೆ ಕಾರಣವಾಗಬಲ್ಲದು, ಏಕೆಂದರೆ ಕಾಯಿಲ್ ಮೇಲೆ ಹಾಯುವ ಬೆಚ್ಚಗಿನ ಗಾಳಿ ಕಡಿಮೆಯಾದಷ್ಟೂ ಅದರ ಮೇಲಿನ ನೀರು ಹೆಪ್ಪುಗಟ್ಟುವುದು ಸುಲಭವಾಗುತ್ತದೆ. ಹಾಗಾಗಿ ಇಲ್ಲಿಯೂ ಮೊದಲು ಫಿಲ್ಟರನ್ನು ನೋಡಿ, ಆಮೇಲೆ ಉಳಿದದ್ದಕ್ಕೆ ಹೋಗುವುದು ಅಗ್ಗದ ದಾರಿ.

ಫಿಲ್ಟರ್ ಇಲ್ಲದೆ ಎರಡು ನಿಮಿಷ

ಈವರೆಗಿನದು ಊಹೆ. ಖಚಿತಪಡಿಸುವ ಪರೀಕ್ಷೆ ಒಂದೇ: ಫಿಲ್ಟರನ್ನು ಹೊರತೆಗೆದು, ಮುಚ್ಚಳವನ್ನು ಮರಳಿ ಹಾಕಿ, ಮೊದಲಿನಂತೆಯೇ ಎರಡನೇ ವೇಗದಲ್ಲಿ ಕಾಗದದ ಪಟ್ಟಿಯನ್ನು ಹಿಡಿದು ನೋಡುವುದು. ಪಟ್ಟಿ ಗಮನಾರ್ಹವಾಗಿ ಮೇಲೆದ್ದರೆ ದೋಷ ಸಿಕ್ಕಿತು. ಹಿಂದಿನಷ್ಟೇ ಎದ್ದರೆ ಹೊಸ ಫಿಲ್ಟರ್ ಕೊಳ್ಳುವುದರಿಂದ ಈ ತೊಂದರೆ ನೀಗುವುದಿಲ್ಲ. ಬ್ಲೋವರಿನ ರೆಕ್ಕೆಗಳಲ್ಲಿ ಅಥವಾ ಕಾಯಿಲ್ ಮುಖದ ಮೇಲೆ ಕಸ ಕಟ್ಟಿದೆಯೇ ಎಂದು ನೋಡಬೇಕಾಗುತ್ತದೆ. ಪರೀಕ್ಷೆಯನ್ನು ಎ.ಸಿ. ಆಫ್ ಮಾಡಿಯೇ ನಡೆಸಿ, ಎರಡು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಹೊಸ ಫಿಲ್ಟರ್ ತರುವವರೆಗೆ ಹಾಗೆಯೇ ಓಡಿಸಿದರಾಯಿತು ಎಂದುಕೊಂಡು ವಾರಗಟ್ಟಲೆ ಬಿಟ್ಟವರ ಕಾರಿನಲ್ಲಿ ಧೂಳು ನೇರವಾಗಿ ಹೋಗಿ ಒದ್ದೆಯಾದ ಕಾಯಿಲ್‌ಗೆ ಕೆಸರಿನಂತೆ ಮೆತ್ತಿಕೊಳ್ಳುತ್ತದೆ, ಮತ್ತು ಅದನ್ನು ಪೂರ್ತಿಯಾಗಿ ತೊಳೆಯಲು ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಇಳಿಸಬೇಕಾಗುತ್ತದೆ. ಹೆಚ್ಚು ದಿನ ಕಾಯಬೇಕಾದಲ್ಲಿ ಹಳೆಯದನ್ನೇ ಹೊರಗೆ ಒಯ್ದು ನಯವಾಗಿ ತಟ್ಟಿ, ಬಿದ್ದಷ್ಟು ಧೂಳು ಬೀಳಿಸಿ, ಮರಳಿ ಹಾಕುವುದು ಲೇಸು.

ಹೊರಬಂದ ಫಿಲ್ಟರನ್ನು ಬಿಸಿಲಿಗೆ ಹಿಡಿದು ಬೆಳಕು ತೂರುತ್ತದೆಯೇ ಎಂದು ನೋಡುವ ರೂಢಿಯಿದೆ. ಬಿಳಿಯ ಸಾಮಾನ್ಯ ಫಿಲ್ಟರ್‌ಗೆ ಇದು ಸರಿ. ಇದ್ದಿಲ ಪದರವಿರುವ ಕಾರ್ಬನ್ ಫಿಲ್ಟರ್ ಹೊಸದಿದ್ದಾಗಲೇ ಕಪ್ಪಾಗಿರುವುದರಿಂದ, ಅದನ್ನು ಬಿಸಿಲಿಗೆ ಹಿಡಿದು ಕೆಟ್ಟಿದೆ ಎಂದು ತೀರ್ಮಾನಿಸಿದರೆ ಒಳ್ಳೆಯ ಫಿಲ್ಟರನ್ನೇ ಎಸೆದಂತಾಗುತ್ತದೆ. ಅದರ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ಒಳಗೆ ಧೂಳು ತುಂಬಿದೆಯೇ ಎಂದು ನೋಡಬೇಕು.

ಬಿಚ್ಚುವುದು, ಕೂರಿಸುವುದು

ಭಾರತದ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಎಡಬದಿಯ ಸೀಟಿನ ಮುಂದಿರುತ್ತದೆ. ಕೆಲವು ಮಾದರಿಗಳಲ್ಲಿ ಫಿಲ್ಟರ್ ಕಾಲಿಡುವ ಜಾಗದ ಪಕ್ಕದಲ್ಲಿಯೋ ಬಾನೆಟ್ ಕಡೆಯೋ ಇರುವುದುಂಟು. ಅದನ್ನು ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ನೋಡಿಕೊಂಡೇ ಕೈ ಹಾಕಿ. ಕೀಲಿಯನ್ನು ಆಫ್ ಮಾಡಿ ತೆಗೆದಿಟ್ಟು, ಗ್ಲೋವ್ ಬಾಕ್ಸ್‌ನಲ್ಲಿರುವುದನ್ನೆಲ್ಲ ಖಾಲಿ ಮಾಡಿ, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ. ಪೆಟ್ಟಿಗೆಯ ಒಂದು ಬದಿಯಲ್ಲಿ ಅದು ಧಡಕ್ಕನೆ ಬೀಳದಂತೆ ತಡೆಯುವ ಪ್ಲಾಸ್ಟಿಕ್ ಕಡ್ಡಿ ಅಥವಾ ದಾರವಿದ್ದರೆ, ಅದನ್ನು ಅದರ ಮೊಳೆಯಿಂದ ಮೊದಲು ಜಾರಿಸಿ ಬಿಡಿಸಬೇಕು. ಇದನ್ನು ಮರೆತು ಪೆಟ್ಟಿಗೆಯನ್ನು ಎಳೆದವರು ಮುರಿಯುವುದು ಈ ಕಡ್ಡಿಯನ್ನೇ. ನಂತರ ಪೆಟ್ಟಿಗೆಯ ಎರಡೂ ಪಕ್ಕಗಳನ್ನು ಅಂಗೈಗಳಿಂದ ಒಳಕ್ಕೆ ಒತ್ತಿದರೆ ಬದಿಯ ತಡೆಗಳು ಬಿಟ್ಟುಕೊಂಡು ಪೆಟ್ಟಿಗೆ ಮಡಿಲಿಗೆ ಇಳಿಯುತ್ತದೆ. ತಿರುಪುಗಳಿಂದ ಬಿಗಿದಿರುವ ಮಾದರಿಯಾದರೆ ಅವುಗಳನ್ನು ಬಿಚ್ಚಬೇಕು. ಬಲ ಹಾಕಬೇಕೆನಿಸಿದರೆ ಎಲ್ಲಿಯೋ ಒಂದು ತಡೆ ಉಳಿದಿದೆ ಎಂದು ತಿಳಿದು, ಟಾರ್ಚ್ ಹಾಕಿ ಹುಡುಕಿ. ಈ ಭಾಗದ ಮೇಲ್ಗಡೆ ಪಕ್ಕದ ಸೀಟಿನವರ ಏರ್‌ಬ್ಯಾಗ್ ಇರುತ್ತದೆ. ಹಳದಿ ಬಣ್ಣದ ವೈರು, ಕನೆಕ್ಟರುಗಳು ಸಾಮಾನ್ಯವಾಗಿ ಅದಕ್ಕೆ ಸೇರಿದವು, ಅವುಗಳನ್ನು ಮುಟ್ಟುವ ಅಗತ್ಯ ಈ ಕೆಲಸದಲ್ಲಿ ಬರುವುದೇ ಇಲ್ಲ.

ಪೆಟ್ಟಿಗೆ ಇಳಿದ ಮೇಲೆ ಎದುರಿಗೆ ಕಾಣುವ ಉದ್ದನೆಯ ಕಿರಿದಾದ ಮುಚ್ಚಳದ ತುದಿಯ ಕ್ಲಿಪ್ಪುಗಳನ್ನು ಒತ್ತಿ ತೆಗೆಯಿರಿ. ಒಳಗೆ ಬರಿದಾದ ಜಾಗವಷ್ಟೇ ಕಂಡರೂ ಆಶ್ಚರ್ಯಪಡಬೇಡಿ. ಕೆಲವು ಕಾರುಗಳ ಕಡಿಮೆ ದರ್ಜೆಯ ಮಾದರಿಗಳನ್ನು ಫಿಲ್ಟರ್ ಇಲ್ಲದೆಯೇ, ಜಾಗವನ್ನು ಮಾತ್ರ ಬಿಟ್ಟು, ಮಾರಿದ್ದುಂಟು. ಫಿಲ್ಟರ್ ಇದ್ದರೆ ಅದನ್ನು ಎಳೆಯುವ ಮೊದಲು ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು: ಚೌಕಟ್ಟಿನ ಮೇಲಿನ ಬಾಣ ಯಾವ ಕಡೆಗಿದೆ, ಮತ್ತು ಯಾವ ಮುಖ ಹೆಚ್ಚು ಕೊಳೆಯಾಗಿದೆ. ಎಳೆಯುವಾಗ ಅದನ್ನು ಓರೆಯಾಗಿಸದೆ ಸಮತಟ್ಟಾಗಿ, ನಿಧಾನವಾಗಿ ಎಳೆಯಬೇಕು. ಅನೇಕ ಕಾರುಗಳಲ್ಲಿ ಬ್ಲೋವರ್ ಸರಿಯಾಗಿ ಇದರ ಕೆಳಗೇ ಇರುವುದರಿಂದ, ಓರೆಯಾದ ಫಿಲ್ಟರಿನಿಂದ ಜಾರಿದ ಒಣಗಿದ ಎಲೆ ನೇರವಾಗಿ ರೆಕ್ಕೆಗಳ ನಡುವೆ ಬೀಳುತ್ತದೆ. ನನಗೆ ಹೀಗಾದಾಗ, ಕೆಲಸ ಮುಗಿಸಿ ಗ್ಲೋವ್ ಬಾಕ್ಸ್ ಜೋಡಿಸಿ ಬ್ಲೋವರ್ ಹಾಕಿದೊಡನೆ, ಸೈಕಲ್ ಚಕ್ರದ ಕಡ್ಡಿಗೆ ರಟ್ಟು ಸಿಕ್ಕಿಸಿದಂತೆ ಟರ್ರ್ ಎಂಬ ಸದ್ದು ಶುರುವಾಯಿತು. ಎಲ್ಲವನ್ನೂ ಮತ್ತೆ ಬಿಚ್ಚಿ, ಕೀಲಿ ತೆಗೆದಿದೆಯೆಂದು ಖಚಿತಪಡಿಸಿಕೊಂಡು, ಒಳಗೆ ಕೈಹಾಕಿ, ಹೆಬ್ಬೆರಳಿನಷ್ಟೂ ಇಲ್ಲದ ಒಂದು ಎಲೆಯನ್ನು ಹೊರತೆಗೆಯಬೇಕಾಯಿತು.

ಬಾಣದ ವಿಷಯದಲ್ಲಿ ಗೊಂದಲ ಸಹಜ. ಏರ್ ಫ್ಲೋ ಎಂದು ಬರೆದಿರುವ ಬಾಣ ಗಾಳಿ ಹರಿಯುವ ದಿಕ್ಕನ್ನು ತೋರಿಸುತ್ತದೆ. ಫಿಲ್ಟರಿನ ಕೆಳಗೆ ಬ್ಲೋವರ್ ಇರುವಲ್ಲಿ ಆ ಬಾಣ ಕೆಳಮುಖವಾಗಿರಬೇಕು. ಆದರೆ ಅಪ್ ಎಂಬ ಪದದೊಂದಿಗೆ ಬಾಣವಿದ್ದರೆ, ಅದು ಫಿಲ್ಟರಿನ ಯಾವ ಬದಿ ಮೇಲಿರಬೇಕು ಎಂದು ಹೇಳುತ್ತದೆಯೇ ಹೊರತು ಗಾಳಿಯ ದಿಕ್ಕನ್ನಲ್ಲ. ಒಂದೇ ರೀತಿ ಕಾಣುವ ಈ ಎರಡು ಗುರುತುಗಳನ್ನು ಅದಲುಬದಲು ಮಾಡಿಕೊಂಡು ತಲೆಕೆಳಗಾಗಿ ಹಾಕಿರುವುದನ್ನು ನೋಡಿದ್ದೇನೆ. ಹಿಂದೆ ಹಾಕಿದವರೇ ತಪ್ಪಾಗಿ ಹಾಕಿರಬಹುದಾದ್ದರಿಂದ ಹಳೆಯ ಬಾಣವನ್ನೇ ಕುರುಡಾಗಿ ಅನುಸರಿಸಬಾರದು. ಕೊಳೆ ಮಾತ್ರ ಸುಳ್ಳು ಹೇಳುವುದಿಲ್ಲ: ಎಲೆ, ಕೂದಲು, ಧೂಳು ಕಟ್ಟಿದ ಮುಖವೇ ಗಾಳಿ ಬರುವ ಕಡೆ. ಬದಲಿಗೆ ಶುದ್ಧವಾಗಿರಬೇಕಾದ ಮುಖದ ಅಂಚಿನುದ್ದಕ್ಕೂ ಧೂಳಿನ ಗೆರೆ ಕಂಡರೆ, ಗಾಳಿ ಫಿಲ್ಟರನ್ನು ಹಾಯದೆ ಅದರ ಪಕ್ಕದಿಂದ ನುಸುಳುತ್ತಿತ್ತು ಎಂದರ್ಥ. ಅಂದರೆ ಬಹುಶಃ ಹಳೆಯದರ ಅಳತೆಯೇ ಸರಿಯಿರಲಿಲ್ಲ. ಇಂಥ ಸಂದರ್ಭದಲ್ಲಿ ಹಳೆಯದನ್ನು ಮಾದರಿಯಾಗಿ ಅಂಗಡಿಗೆ ಒಯ್ಯದೆ, ಕಾರಿನ ಮಾದರಿ, ವರ್ಷ ಮತ್ತು ಎಂಜಿನ್ ಹೇಳಿ ಕೇಳಬೇಕು.

ಹೊಸದನ್ನು ಕೂರಿಸುವ ಮೊದಲು ಆ ಜಾಗವನ್ನು ವ್ಯಾಕ್ಯೂಮ್ ಕ್ಲೀನರಿನ ಸಣ್ಣ ಮೂತಿಯಿಂದ, ಇಲ್ಲವಾದರೆ ಒದ್ದೆ ಬಟ್ಟೆಯಿಂದ ಸ್ವಚ್ಛಗೊಳಿಸಿ. ಫಿಲ್ಟರ್ ಕೊನೆಯವರೆಗೂ ಹಗುರವಾಗಿ ಜಾರಬೇಕು. ಅರ್ಧದಲ್ಲಿ ತಡೆದಾಗ ಒತ್ತಿ ತುರುಕಿದರೆ ನಡುವೆ ಮಡಚಿಕೊಂಡು ನಿಲ್ಲುತ್ತದೆ. ಮುಚ್ಚಳ ಹಾಕಿದ ಮೇಲೆ ಅದು ಕಾಣುವುದಿಲ್ಲ, ಹೆಚ್ಚಿನ ವೇಗದಲ್ಲಿ ಸೀಟಿ ಹೊಡೆದಂತಹ ಸದ್ದಿನಿಂದ ಮಾತ್ರ ತಿಳಿಯುತ್ತದೆ. ಮುಚ್ಚಳದ ಎರಡೂ ತುದಿಗಳು ಟಕ್ ಎಂದು ಕೂತ ನಂತರ, ಗ್ಲೋವ್ ಬಾಕ್ಸ್ ಜೋಡಿಸುವ ಮುನ್ನವೇ ಒಮ್ಮೆ ಬ್ಲೋವರ್ ಓಡಿಸಿ ಕೇಳಿ.

ಹಳೆಯದನ್ನು ತೊಳೆದು ಹಾಕಬಹುದೇ ಎಂಬುದಕ್ಕೆ ನನ್ನ ಉತ್ತರ ಬೇಡ ಎಂದೇ. ತೊಳೆಯಬಹುದಾದದ್ದು ಎಂದು ತಯಾರಕರೇ ಬರೆದಿರುವ ಫಿಲ್ಟರ್‌ಗಳ ಮಾತು ಬೇರೆ. ಸಾಮಾನ್ಯ ಫಿಲ್ಟರಿನ ನೂಲುಗಳು ಅತಿಸೂಕ್ಷ್ಮ ಕಣಗಳನ್ನು ಹಿಡಿಯುವುದರಲ್ಲಿ ಅವುಗಳಲ್ಲಿರುವ ಸ್ಥಿರವಿದ್ಯುತ್ತಿನ ಪಾಲೂ ಇದೆ. ನೀರು ಅದನ್ನು ಕಳೆಯುತ್ತದೆ, ಗ್ಯಾರೇಜಿನಲ್ಲಿ ಊದುವ ಕಂಪ್ರೆಸರ್ ಗಾಳಿ ನೂಲುಗಳನ್ನೇ ಹರಿದುಹಾಕುತ್ತದೆ, ಪೂರ್ತಿ ಒಣಗದ ಮಡಿಕೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ವಸ್ತುವಿಗಾಗಿ ಇಷ್ಟು ಶ್ರಮ ವ್ಯರ್ಥ. ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ವರ್ಷಕ್ಕೊಮ್ಮೆ, ಅಥವಾ ಸುಮಾರು 15,000 ಕಿ.ಮೀ.ಗೊಮ್ಮೆ ಎಂಬುದು ಒಂದು ಒಪ್ಪಬಹುದಾದ ಲೆಕ್ಕ. ಆದರೆ ಅದಿರಿನ ಲಾರಿಗಳು ಓಡುವ ಸಂಡೂರು, ಹೊಸಪೇಟೆ ಕಡೆಯ ಕೆಂಧೂಳಿನಲ್ಲಿ ದಿನವೂ ಓಡಾಡುವವರು ಆರು ತಿಂಗಳಿಗೇ ತೆರೆದು ನೋಡುವುದು ಒಳ್ಳೆಯದು.

ಇಲಿ ಗೂಡು ಕಟ್ಟಿದ್ದರೆ

ಫಿಲ್ಟರಿನ ಮೇಲೆ ಚೂರುಚೂರಾದ ಹತ್ತಿ, ತೆಂಗಿನ ನಾರು, ಕಡಲೆಕಾಯಿ ಸಿಪ್ಪೆ, ಅಕ್ಕಿಕಾಳಿನಾಕಾರದ ಕಪ್ಪು ಹಿಕ್ಕೆ ಕಂಡರೆ, ಕೆಲಸದ ಸ್ವರೂಪವೇ ಬದಲಾಗುತ್ತದೆ. ವಾರಗಟ್ಟಲೆ ಓಡಿಸದೆ ನಿಲ್ಲಿಸಿದ ಕಾರುಗಳಲ್ಲಿ ಇದು ಅಪರೂಪವಲ್ಲ. ಇಲ್ಲಿ ತಟ್ಟುವುದು, ಊದುವುದು, ವ್ಯಾಕ್ಯೂಮ್ ಹಾಕುವುದು ಯಾವುದೂ ಕೂಡದು, ಏಕೆಂದರೆ ಒಣಗಿದ ಹಿಕ್ಕೆ, ಮೂತ್ರದ ಧೂಳು ಗಾಳಿಗೆ ಏಳುತ್ತದೆ. ಇಲಿಜ್ವರ ಹರಡುವುದು ಕೂಡ ಇಲಿಯ ಮೂತ್ರದಿಂದಲೇ ಎಂಬುದು ನೆನಪಿರಲಿ. ಬಾಗಿಲುಗಳನ್ನು ತೆರೆದಿಟ್ಟು, ರಬ್ಬರ್ ಗ್ಲೌಸ್ ಮತ್ತು ಮಾಸ್ಕ್ ಹಾಕಿಕೊಂಡು, ಕ್ರಿಮಿನಾಶಕ ದ್ರವವನ್ನು ಸಿಂಪಡಿಸಿ ಕೆಲವು ನಿಮಿಷ ನೆನೆಯಲು ಬಿಟ್ಟು, ಎಲ್ಲವನ್ನೂ ಒದ್ದೆಯಾಗಿಯೇ ಎತ್ತಿ ಚೀಲಕ್ಕೆ ಹಾಕಿ ಕಟ್ಟಬೇಕು. ಹೊಸ ಫಿಲ್ಟರ್ ಹಾಕುವ ಮೊದಲು ಸುತ್ತಲಿನ ವೈರುಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಗೂಡು ಕಟ್ಟಿದ ಇಲಿ ವೈರನ್ನು ಕಚ್ಚದೆ ಬಿಟ್ಟಿರುವುದು ಅದೃಷ್ಟದ ಮಾತು.

ಬದಲಿಸಿದ ಮೇಲೂ ಉಳಿಯುವ ದೋಷಗಳು

ಗಾಳಿ ಸರಿಯಾಗಿದ್ದರೂ ವಾಸನೆ ಉಳಿದರೆ ಅದು ಕಾಯಿಲ್‌ನದು. ಎ.ಸಿ. ಹಾಕಿದ ಮೊದಲ ನಿಮಿಷದಲ್ಲಿ ಒದ್ದೆ ಗೋಣಿಚೀಲದಂತಹ ವಾಸನೆ ಬಂದು ಆಮೇಲೆ ಮಾಯವಾಗುವುದು ಕಾಯಿಲ್ ಮೇಲಿನ ಬೂಷ್ಟಿನ ಲಕ್ಷಣ. ಮಳೆಗಾಲದಲ್ಲಿ ಕರಾವಳಿ, ಮಲೆನಾಡುಗಳಲ್ಲಿ ಇದು ಹೆಚ್ಚು. ಇದಕ್ಕೆಂದೇ ಇರುವ ನೊರೆಯ ಕ್ಲೀನರ್ ಹಾಕಿಸಬೇಕು. ಮನೆ ತಲುಪಲು ಐದು ನಿಮಿಷವಿರುವಾಗ ಎ.ಸಿ. ಗುಂಡಿ ಆಫ್ ಮಾಡಿ ಬ್ಲೋವರನ್ನು ಮಾತ್ರ ಓಡಿಸಿದರೆ ಕಾಯಿಲ್ ಒಣಗಿ, ಬೂಷ್ಟು ಮರುಕಳಿಸುವುದು ನಿಧಾನವಾಗುತ್ತದೆ. ಎಡಗಡೆಯ ಕಾಲುಹಾಸು ಒದ್ದೆಯಾಗುತ್ತಿದ್ದರೆ ಕಾಯಿಲ್ ನೀರು ಹೊರಹೋಗುವ ಪೈಪು ಕಟ್ಟಿರಬಹುದು. ಆ ನೀರು ಅಂಟಂಟಾಗಿ, ಸಿಹಿ ವಾಸನೆಯಿಂದ ಕೂಡಿದ್ದು, ಗಾಜಿನ ಒಳಮುಖದಲ್ಲಿ ಜಿಡ್ಡಿನ ಪರೆ ಕಟ್ಟುತ್ತಿದ್ದರೆ ಅದು ಎ.ಸಿ.ಯ ನೀರಲ್ಲ, ಹೀಟರಿನಿಂದ ಸೋರುತ್ತಿರುವ ಕೂಲೆಂಟ್, ಅಂದರೆ ಎಂಜಿನನ್ನು ತಣಿಸುವ ದ್ರವ, ಅದನ್ನು ಮುಂದೂಡಬಾರದು.

ರೆಸಿಸ್ಟರ್ ಸುಟ್ಟಿರುವುದನ್ನು ಫಿಲ್ಟರ್ ಬದಲಿಸಿದ ಕೆಲವೇ ದಿನಗಳಲ್ಲಿ ಕಂಡುಕೊಳ್ಳುವವರು, ಬಿಚ್ಚಿದಾಗ ತಾವೇ ಏನೋ ಕೆಡಿಸಿದೆವೆಂದು ಭಾವಿಸುವುದುಂಟು. ನಿಜವಾಗಿ ರೆಸಿಸ್ಟರ್ ಕೂತಿರುವುದು ಗಾಳಿಯ ದಾರಿಯಲ್ಲೇ, ಮತ್ತು ಅದನ್ನು ತಣಿಸುವುದು ಆ ಗಾಳಿಯೇ. ಫಿಲ್ಟರ್ ಕಟ್ಟಿ ತಿಂಗಳುಗಟ್ಟಲೆ ಸಾಕಷ್ಟು ಗಾಳಿ ಸಿಗದೆ ಕಾದು ಬಳಲಿದ ರೆಸಿಸ್ಟರ್ ಯಾವಾಗ ಬೇಕಾದರೂ ಹೋಗಬಹುದಿತ್ತು. ಅದನ್ನು ಬದಲಿಸಲು ಗ್ಯಾರೇಜಿಗೆ ಹೋದಾಗ, ಎ.ಸಿ. ಸರಿಯಿಲ್ಲ ಎಂದಷ್ಟೇ ಹೇಳದೆ, ಫಿಲ್ಟರ್ ಹೊಸದು, ಅದನ್ನು ತೆಗೆದೂ ನೋಡಿದ್ದೇನೆ, ನಾಲ್ಕನೇ ವೇಗದಲ್ಲಿ ಮಾತ್ರ ಬ್ಲೋವರ್ ಓಡುತ್ತದೆ, ಆಗ ಗಾಳಿ ತಂಪಾಗಿಯೇ ಬರುತ್ತದೆ ಎಂದು ಬಿಡಿಸಿ ಹೇಳಿ, ಮೊಬೈಲಿನಲ್ಲಿರುವ ಕಾಗದದ ಪಟ್ಟಿಯ ಚಿತ್ರಗಳನ್ನೂ ತೋರಿಸಿ.